ಒಂಟಿ ಡೈನೋಸಾರಿಗೆ ಜೋಡಿ

ಇಡೀ ಸಿಂಧನೂರು ತಾಲೂಕಿನಲ್ಲಿ ಡೈನೋಸಾರ್ ಸಾಕಿರುವ ಏಕೈಕ ಗೃಹಸ್ಥರೆಂದರೆ ನಮ್ಮ ಸೋದರಮಾವ. ಅವು ಕೋಟ್ಯಂತರ ವರ್ಷಗಳ ಹಿಂದೆಯೇ ನಿರ್ನಾಮವಾದವು ಎಂಬ ಸುದ್ದಿಯನ್ನು ನಾನೇ ಒಂದು ಸಲ ಅವರಿಗೆ ಮುಟ್ಟಿಸಿದೆ. ಅವರು, "ಎತ್ತೂ ಹಂಗ ಆಗಾಕತ್ತಾವ ಬಿಡು" ಎಂದು ಬೀಡಿ ಹಚ್ಚಿದರು. ವಿಜ್ಞಾನದ ಬಗ್ಗೆ ನಮ್ಮಿಬ್ಬರ ನಡುವೆ ನಡೆದ ಚರ್ಚೆ ಇಷ್ಟೇ.

ಸಾಕಿರುವ ಎಂಬ ಮಾತನ್ನು ನಾನು ತೂಕ ಮಾಡಿಯೇ ಬಳಸಿದ್ದೇನೆ. ಇವು ಆಟಿಕೆಯ ಡೈನೋಸಾರ್‌ಗಳು ನಿಜ. ರಬ್ಬರಿನವು, ಪ್ಲಾಸ್ಟಿಕ್ಕಿನವು, ಹೊಟ್ಟೆಯ ಕೆಳಗೆ ಯಾವುದೋ ದೇಶದ ಕಾರ್ಖಾನೆಯ ಮುದ್ರೆ ಇರುವಂಥವು. ಆದರೆ ಮಾವ ಬೆಳಿಗ್ಗೆ ಎದ್ದು ಅವುಗಳನ್ನು ಒದ್ದೆ ಬಟ್ಟೆಯಿಂದ ಮೈಯೊರೆಸಿ, ಪಡಸಾಲೆಯ ಗೋಡೆಯ ಗೂಡಿನಲ್ಲಿ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸುತ್ತಾರೆ. ಬಿಸಿಲು ಬಂದರೆ ನೆರಳಿಗೆ ಸರಿಸುತ್ತಾರೆ. ಏನೇ ಆದರೂ ಅವುಗಳ ಹಿಂಗಾಲಿನ ಕಡೆಯಿಂದ ಕೈ ಹಾಕುವುದಿಲ್ಲ. ಒದ್ದರೆ ಏನು ಗತಿ!

"ಸಗಣಿ ಹಾಕಂಗಿಲ್ಲ, ಹಾಲು ಕೊಡಂಗಿಲ್ಲ. ಏನ್ ದನ ಅವು?" ಎಂಬುದು ನಮ್ಮ ಅತ್ತೆಯ ಖಚಿತ ಅಭಿಪ್ರಾಯ. ಅತ್ತೆ ಮನೆಯ ಹಿಂದೆ ನಿಜವಾದ ಎಮ್ಮೆ ಕಟ್ಟಿದ್ದಾರೆ. ಆದ್ದರಿಂದ ಅವರ ಮಾತಿಗೆ ಒಂದು ಅಧಿಕಾರವಿದೆ.

ಮಾವ ಮೂಲತಃ ದನದ ಸಂತೆಯ ದಲ್ಲಾಳಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಟವೆಲ್ಲಿನ ಕೆಳಗೆ ಇಬ್ಬರ ಬೆರಳು ಹಿಡಿದು ಒತ್ತಿ, ಬಾಯಿ ಬಿಡದೆ ಸೌದಾ ಕುದುರಿಸುವ ಕಸುಬು ಅದು. ಸುತ್ತ ಊರಿಗೆ ಊರೇ ನಿಂತಿದ್ದರೂ ಬೆಲೆ ಗೊತ್ತಾಗುವುದು ಟವೆಲ್ಲಿನ ಒಳಗಿರುವ ಬೆರಳುಗಳಿಗೆ ಮಾತ್ರ. ಮಸ್ಕಿ, ಲಿಂಗಸುಗೂರು, ಸಿಂಧನೂರು, ಎಲ್ಲಿ ಸಂತೆ ಇದ್ದರೂ ಅಲ್ಲಿ ನಮ್ಮ ಮಾವನ ಟವೆಲ್ ಇರುತ್ತಿತ್ತು. ಆಮೇಲೆ ದಢೇಸುಗೂರಿನಿಂದ ವಳಕಮದಿನ್ನಿಯವರೆಗೆ ಕಾಲುವೆ ನೀರು ಹರಿಯುವ ಗದ್ದೆಗಳಿಗೆಲ್ಲ ಟ್ರ್ಯಾಕ್ಟರ್ ಇಳಿದವು. ಟ್ರ್ಯಾಕ್ಟರಿಗೆ ಹಲ್ಲಿಲ್ಲ, ಬಾಲವಿಲ್ಲ, ಮೈಮೇಲೆ ಸುಳಿಯಿಲ್ಲ. ಮಾವನಂಥವರು ಅದರಲ್ಲಿ ಏನನ್ನು ನೋಡಬೇಕು? ಸಂತೆಗೆ ಬರುವ ಎತ್ತು ಕಡಿಮೆಯಾದವು, ಮಾವ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತರು. ಕುಳಿತವರು ಮಾತನ್ನೂ ಬಿಟ್ಟರು.

ಆಗ ನಾನು ಮಾಡಿದ್ದು ಉಪಕಾರವೋ ಅಪಕಾರವೋ ಇಂದಿಗೂ ತೀರ್ಮಾನವಾಗಿಲ್ಲ. ನಾನು ಮಸ್ಕಿಯಲ್ಲಿ ಗುಮಾಸ್ತ. ನನ್ನ ಮಗಳು ದೊಡ್ಡವಳಾಗಿ ಕೈಬಿಟ್ಟ ಒಂದು ರಬ್ಬರ್ ಡೈನೋಸಾರ್ ಮನೆಯಲ್ಲಿ ಬಿದ್ದಿತ್ತು. ಇಂಥ ಹಳೆಯ ಆಟಿಕೆಗಳನ್ನು ಹುಡುಕಿ ಹುಡುಕಿ ಕೊಳ್ಳುವ ದೊಡ್ಡವರಿದ್ದಾರೆ, ಫೋನಿನಲ್ಲೇ ಹರಾಜು ನಡೆಯುತ್ತದೆ ಎಂದು ಎಲ್ಲೋ ಓದಿ, ಮಾವನಿಗೆ ಹೊತ್ತು ಹೋಗಲಿ ಎಂದು ಅದನ್ನು ಒಯ್ದು ತೋರಿಸಿದೆ. ಮಾವ ಅದನ್ನು ಕೈಗೆ ತೆಗೆದುಕೊಂಡವರೇ ಹೆಬ್ಬೆರಳಿನಿಂದ ತುಟಿ ಸರಿಸಿ ಹಲ್ಲು ನೋಡಿದರು!

"ಬಾಯಿಗೂಡೈತಿ" ಎಂದರು. ಹಲ್ಲೆಲ್ಲ ಬಂದು ವಯಸ್ಸು ತುಂಬಿದ ಎತ್ತಿಗೆ ಹಾಗೆನ್ನುತ್ತಾರೆ. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಬಂದ ಕಸುಬಿನ ಮಾತು ಅದು.

ಹರಾಜಿಗೆ ಇಡುವಾಗ ಮಾಲಿನ ವಿವರ ಬರೆಯಬೇಕಲ್ಲ. ಮಾವ ಹೇಳಿದರು, ನಾನು ಫೋನಿನಲ್ಲಿ ಒತ್ತಿದೆ.

"ಮೊದಲ ಐಬು ಬರಿ."

"ಮಾಮಾ, ಐಬು ಮೊದಲ ಹೇಳಿದ್ರ ಯಾರ್ ತಗೊಂತಾರ್ರೀ?"

"ಐಬು ಮುಚ್ಚಿ ಮಾರಿದಾಂವ ಮುಂದಿನ ಸಂತಿಗಿ ತನ್ನ ಮಾರಿ ತೋರಸಬೇಕೋ ಬ್ಯಾಡೋ? ಬರಿ ನೀ. ಬಾಲದ ತುದಿ ಮುರದೈತಿ. ಎಡಗಣ್ಣಿನ ಬಣ್ಣ ಹೋಗೈತಿ. ಹಾಯಂಗಿಲ್ಲ, ಒದಿಯಂಗಿಲ್ಲ. ಮೇವು ಕಡಿಮಿ. ಹೆಣ್ಮಕ್ಕಳೂ ಹಗ್ಗ ಹಿಡೀಬಹುದು."

ನಾನು ಅಕ್ಷರ ಬಿಡದೆ ಬರೆದೆ. ಫೋನು ಅದನ್ನು ತನಗೆ ತಿಳಿದ ಇಂಗ್ಲಿಷಿಗೆ ತಿರುಗಿಸಿತು. ಪುಣೆಯಿಂದ ಒಬ್ಬರು, ಇದು ಎಷ್ಟು ಹಳೆಯದು ಎಂದು ಕೇಳಿದರು. ಮಾವ, "ಬಾಯಿಗೂಡೈತಿ, ಆದ್ರ ಇನ್ನೂ ನಾಕು ಮಳಿಗಾಲ ಉಳಿಮಿಗಿ ಅಡ್ಡಿಯಿಲ್ಲ ಅಂತ ಹೇಳು" ಎಂದರು. ಹೇಳಿದೆ. ಪುಣೆಯವರು ಮತ್ತೇನೂ ಕೇಳಲಿಲ್ಲ. ಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ! ಗುಜರಿ ಅಂಗಡಿ, ಮಸ್ಕಿ ಸಂತೆಯ ಹಳೆ ಸಾಮಾನಿನ ಗಾಡಿ, ಪರಿಚಯದವರ ಅಟ್ಟ, ಎಲ್ಲ ಕಡೆಯಿಂದ ಡೈನೋಸಾರ್‌ಗಳು ಬರತೊಡಗಿದವು. ಐಬು ಮೊದಲು ಹೇಳುವ ಈ ಸಿಂಧನೂರಿನ ವ್ಯಾಪಾರಿಯನ್ನು ದೂರದೂರದವರು ನಂಬತೊಡಗಿದರು. ಮಾವ ಫೋನು ಒತ್ತುವುದನ್ನು ತಾವೇ ಕಲಿತರು. ಆದರೆ ಒಂದು ವಿಷಯಕ್ಕೆ ಮಾತ್ರ ಅವರ ಮನಸ್ಸು ಒಗ್ಗಲೇ ಇಲ್ಲ. ಬೆಲೆ ಎಲ್ಲರಿಗೂ ಕಾಣುವುದೆಂದರೇನು? ಮರ್ಯಾದಸ್ಥರ ಸೌದಾ ಹಾಗೆ ಬಯಲಿನಲ್ಲಿ ನಡೆಯುತ್ತದೆಯೇ? ಅದಕ್ಕೆ ಅವರು ಫೋನಿನ ಮೇಲೆ ಟವೆಲ್ ಹೊದಿಸಿ, ಅದರೊಳಗೆ ಕೈ ಮತ್ತು ಮುಖ ಎರಡನ್ನೂ ತೂರಿಸಿ ಹರಾಜು ಕೂಗುತ್ತಾರೆ. ಕೂಗುತ್ತಾರೆ ಎಂದೆನಲ್ಲ, ಅದೂ ನಿಜವೇ. ಒತ್ತಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ಅವರಿಗೆ ಫೋನು ಕೆಲಸ ಮಾಡಿತೆಂಬ ಭರವಸೆ ಬರುವುದಿಲ್ಲ. "ಈಗ ಹಸರ ಗುಂಡಿ ಒತ್ತೀನಿ! ಈಗ ಬೆಲಿ ಏರಿಸೀನಿ! ಈಗ ಹೌದು ಅಂದೀನಿ!" ಎಂದು ಟವೆಲ್ಲಿನ ಒಳಗಿಂದ ಬರುವ ಗುಟ್ಟು ಓಣಿಯ ತುದಿಯವರೆಗೆ ಕೇಳಿಸುತ್ತದೆ.

ಲಿಂಗಸುಗೂರಿನ ಕಥೆ ಹೇಳದಿದ್ದರೆ ಮಾವನಿಗೆ ಅನ್ಯಾಯ ಮಾಡಿದಂತೆ. ಅಲ್ಲಿನ ಲೆಕ್ಚರರ್ ಒಬ್ಬರು ಹರಾಜಿನಲ್ಲಿ ಉದ್ದ ಕತ್ತಿನ ಡೈನೋಸಾರ್ ಗೆದ್ದರು. ಕೊರಿಯರ್ ಮಾಡಿ ಎಂದು ನಾನೆಂದರೆ, "ದನ ಯಾರರ ಪಾರ್ಸಲ್ ಮಾಡ್ತಾರೇನಲೇ?" ಎಂದು ರೇಗಿ, ನನ್ನನ್ನೂ ಕರೆದುಕೊಂಡು ತಾವೇ ಬಸ್ಸು ಹತ್ತಿದರು. ತೊಡೆಯ ಮೇಲೆ ಸುತಲಿ ದಾರ ಕಟ್ಟಿದ ಡಬ್ಬ, ಮೇಲೆ ಕತ್ತು ಹೊರಗೆ. ಕಂಡಕ್ಟರ್ ನೋಡಿ, "ಏನ್ರೀ ಯಜಮಾನ್ರ ಇದು?" ಎಂದ.

"ದನ" ಎಂದರು ಮಾವ.

"ದನಕ್ಕ ಲಗೇಜ್ ಆಗತೈತಿ ನೋಡ್ರಿ ಮತ್ತ."

"ತಗೊಳ್ಳಪ. ನಾ ಏನ್ ಒಲ್ಲೆ ಅಂದ್ನಾ?"

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅವನು ಮುಂದಿನ ಸೀಟಿಗೆ ಹೋದ.

ಲೆಕ್ಚರರ್ ಮನೆಯಲ್ಲಿ ಮಾವ ಮೊದಲು ಕೊಟ್ಟಿಗೆ ತೋರಿಸಿ ಎಂದರು. ಅವರು ಗಾಜಿನ ಕಪಾಟು ತೋರಿಸಿದರು. ಅದರೊಳಗೆ ಬಾಯ್ತೆರೆದು ನಿಂತ ಮಾಂಸ ತಿನ್ನುವ ಜಾತಿಯದೊಂದು ಇತ್ತು. "ಇದರ ಬಾಜು ನಮ್ಮದನ್ನ ಹೆಂಗ ಕಟ್ತೀರಿ? ಅಂಜಿಕಿಗೇ ಸೊರಗಿಹೊಕ್ಕೈತಿ" ಎಂದು ಆ ಬಾಯ್ತೆರೆದದ್ದನ್ನು ಮೇಲಿನ ಅರೆಗೆ ಹತ್ತಿಸಿದ ಮೇಲೆಯೇ ಉದ್ದ ಕತ್ತಿನದನ್ನು ಒಪ್ಪಿಸಿದ್ದು. ಡಬ್ಬದ ಸುತಲಿಯನ್ನು ಬಿಚ್ಚಿ ತಮ್ಮ ಜೇಬಿಗೆ ಹಾಕಿಕೊಂಡರು. ದನ ಮಾರಿದರೂ ಹಗ್ಗ ಮಾರಬಾರದು, ಅದರೊಂದಿಗೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂಬುದು ಅವರ ಕಸುಬಿನ ಕಟ್ಟಳೆ. ಗೇಟಿನ ತನಕ ಬಂದವರು ತಿರುಗಿ ನಿಂತು, "ಹೊಸ ಜಾಗ ನೋಡ್ರಿ, ಒಂದೆರಡ ದಿನ ಮೇವು ಮುಟ್ಟಲಿಕ್ಕಿಲ್ಲ. ಗಾಬರಿ ಆಗಬ್ಯಾಡ್ರಿ" ಎಂದರು. ಲೆಕ್ಚರರ್ ಕೈ ಮುಗಿದು, "ಆಗಂಗಿಲ್ರೀ" ಎಂದರು. ಈ ಹುಚ್ಚಿನಲ್ಲಿ ಅವರೂ ನಮ್ಮವರೇ ಎಂದು ನನಗೆ ಆಗ ಗೊತ್ತಾಯಿತು.

ಇಷ್ಟೆಲ್ಲ ಮಾರುವ ಮಾವ ಒಂದನ್ನು ಮಾತ್ರ ಮಾರಲಿಲ್ಲ. ಅದು ಮೂರು ಕೊಂಬಿನ, ನೀಲಿ ಬಣ್ಣದ, ಹಳೆಯ ರಬ್ಬರಿನದು. ಕತ್ತನ್ನು ಎಡಕ್ಕೆ ತಿರುಗಿಸಿ ನಿಂತಿದೆ. ಕಾರ್ಖಾನೆಯವರು ಅದನ್ನು ಮಾಡಿದ್ದೇ ಜೋಡಿಯಾಗಿಯಂತೆ. ಬಲಕ್ಕೆ ಕತ್ತು ತಿರುಗಿಸಿದ ಇನ್ನೊಂದು ಎಲ್ಲೋ ಇರಬೇಕು. ಪುಣೆಯವರು ಒಂದೇ ಆದರೂ ಸಾಕು, ಕೊಡಿ ಎಂದು ಅಂಗಲಾಚಿದರು. ಮಾವ ಜಗ್ಗಲಿಲ್ಲ.

"ಜನ್ಮಪೂರ್ತಿ ಎತ್ತಿನ ಜೋಡಿ ಕೂಡಿಸಿದಾಂವ ನಾ. ಎತ್ತರಕ್ಕ ಎತ್ತರ, ಬಣ್ಣಕ್ಕ ಬಣ್ಣ, ನಡಿಗಿಗಿ ನಡಿಗಿ. ಇದರ ಜೋಡಿ ಕೂಡಿಸಲಾರದ ನಾ ಕಸಬು ಬಿಡಂಗಿಲ್ಲ ಅಳಿಯಾ" ಎಂದು ಕಣ್ಣು ಬೇರೆ ಕಡೆ ಹೊರಳಿಸಿದರು. ನಗಬೇಕೆಂದು ಬಾಯಿ ತೆರೆದ ನಾನು ಮುಚ್ಚಿಕೊಂಡೆ. ಅವರು ಆಟಿಕೆಯ ಬಗ್ಗೆ ಮಾತಾಡುತ್ತಿಲ್ಲ ಎನ್ನಿಸಿತು.

"ಮನ್ಯಾಗ ಹೆಂಡತಿ ಅನ್ನಾಕಿ ಒಬ್ಬಾಕಿ ಜೋಡಿ ಅದಾಳ, ಆಕಿ ಕಡಿ ನೋಡಂಗಿಲ್ಲ, ರಬ್ಬರಿಗಿ ಜೋಡಿ ಹುಡುಕಾಕತ್ತಾರ!" ಎಂದು ಅತ್ತೆ ಒಳಗಿನಿಂದ ಒದರಿದರು.

ಒಂದು ಭಾನುವಾರ ಮಾವ ಫೋನು ಮಾಡಿ, "ಸಿಕ್ಕೈತಿ! ಜಲ್ದಿ ಬಾ!" ಎಂದರು. ಮಸ್ಕಿಯಿಂದ ಸಿಕ್ಕ ಬಸ್ಸು ಹತ್ತಿ ಬಂದೆ. ಬಲಕ್ಕೆ ಕತ್ತು ತಿರುಗಿಸಿದ ನೀಲಿಯದು ಕೊನೆಗೂ ಹರಾಜಿಗೆ ಬಂದಿತ್ತು, ಮಧ್ಯಾಹ್ನಕ್ಕೆ ಮುಗಿಯುವುದಿತ್ತು. ಅತ್ತೆಗೆ ಬೆಲೆ ತಿಳಿದರೆ ರಂಪವಾದೀತೆಂದು ಆ ದಿನ ಮಾತ್ರ ದನಿಯೆತ್ತದೆ, ಮಾವ ಟವೆಲ್ಲಿನೊಳಗೆ ಬೆವರುತ್ತಿದ್ದರು. ಉಳಿದವರೆಲ್ಲ ಹಿಂದೆ ಸರಿದಿದ್ದರು. ಒಬ್ಬ ಮಾತ್ರ ಪಟ್ಟು ಬಿಟ್ಟಿರಲಿಲ್ಲ. ಅವನಿಗೆ ಹೆಸರಿಲ್ಲ, ಹೆಸರಿನ ಜಾಗದಲ್ಲಿ ಒಂದು ಗುಲಾಬಿ ಹೂವು.

"ಯಾರಿರಬಹುದ್ರೀ ಮಾಮಾ?"

"ಮುಂಬೈದಾಂವ ಇರ್ಬೇಕು. ಹೂವಿನ ಹಿಂದ ಅಡಗ್ಯಾನ ಅಂದ್ರ ಪಕ್ಕಾ ವ್ಯಾಪಾರಸ್ಥ."

ಮಾವ ಏರಿಸಿದರು, ಗುಲಾಬಿ ಏರಿಸಿತು. ಮಾವ ಮತ್ತೆ ಏರಿಸಿದರು, ಗುಲಾಬಿ ಮತ್ತೆ ಏರಿಸಿತು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅತ್ತೆ ಅತ್ತ ನೋಡುತ್ತಲೇ ಇರಲಿಲ್ಲ. ಹಿಟ್ಟಿನ ಡಬ್ಬಕ್ಕೆ ಒರಗಿಸಿದ ತಮ್ಮ ಫೋನನ್ನು ದಿಟ್ಟಿಸುತ್ತಿದ್ದರು. ಅದರಲ್ಲಿ ನೀಲಿ ಡೈನೋಸಾರ್. ಅದರ ಕೆಳಗೆ ಗುಲಾಬಿ. ಅತ್ತೆ ಹಿಟ್ಟು ಮೆತ್ತಿದ ಬೆರಳಿನಿಂದ ಟಪ್ಪನೆ ಒತ್ತಿದರು.

"ಅತ್ತಿ! ಇದೇನ್ರೀ?"

"ಮೆತ್ತಗ ಮಾತಾಡು. ಯಾವನೋ ಒಬ್ಬ ಮುಂಜಾನಿಯಿಂದ ಗಂಟು ಬಿದ್ದಾನ. ನಾ ಏರಿಸಿದಂಗ ಏರಸ್ತಾನ. ಅವನ ಕೈ ಮುರೀಲಿ!"

"ನಿಮಗ ಇದನ್ನ ಯಾರ್ ಕಲಿಸಿದ್ರು?"

"ಯಾರ್ ಕಲಸ್ತಾರ? ಇವರು ದಿನಾ ಹಸರ ಗುಂಡಿ ಒತ್ತೀನಿ, ಕೆಂಪು ಗುಂಡಿ ಒತ್ತೀನಿ ಅಂತ ಒದರ್ತಾರ. ಕಿವಿ ಇಲ್ಲೇನು ನನಗ? ಹಾಲಿನ ರೊಕ್ಕ ನನ್ನ ಖಾತೆದಾಗ ಐತಿ. ಇದನ್ನ ತರಿಸಿ ಗೂಡಿನ್ಯಾಗ ಇಟ್ಟುಬಿಡ್ತೀನಿ. ಎಲ್ಲಿಂದ ಬಂತು ಅಂದ್ರ, ತಾನ ನಡಕೊಂತ ಬಂತು ಅಂತೀನಿ."

"ಮತ್ತ ದಿನಾ ಬೈತಿದ್ರಿ?"

ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡರು. "ಬೈಯಾದು ಬ್ಯಾರೆ. ಸಂತಿ ನಿಂತ ಮ್ಯಾಲ ಈ ಮನುಷ್ಯಾ ಮಾತೇ ಬಿಟ್ಟಿದ್ರು. ಉಣ್ಣಾಕ ಕರದ್ರ ತಲಿ ಆಡಸ್ತಿದ್ರು, ಅಷ್ಟ. ಈಗ ಮುಂಜಾನಿಯಿಂದ ಸಂಜಿತನಕ ಒದರ್ತಾರ. ಒದರ್ಲಿ. ನೀ ಅವರ ಮುಂದ ಬಾಯಿ ಬಿಟ್ಟಿ ಅಂದ್ರ ಈ ಮನ್ಯಾಗ ನಿನಗ ರೊಟ್ಟಿ ಇಲ್ಲ."

ಗಂಡ ಪಡಸಾಲೆಯಲ್ಲಿ, ಹೆಂಡತಿ ಅಡುಗೆಮನೆಯಲ್ಲಿ. ನಡುವೆ ಒಂದು ಗೋಡೆ, ಒಂದು ಹರಾಜು ಮತ್ತು ನಾನು. ಯಾರಿಗೆ ಏನು ಹೇಳಲಿ? ಗಟ್ಟಿಯಾಗಿ ನಗಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಅಳಬೇಕೆನ್ನಿಸಿತು. ಪಡಸಾಲೆಗೆ ಬಂದರೆ ಮಾವನ ತಲೆ ಟವೆಲ್ಲಿನಿಂದ ಹೊರಗೆ ಬಂದಿತ್ತು. ಬೆರಳು ನಿಂತಿತ್ತು.

"ಯಾಕ್ರೀ ಮಾಮಾ? ಇನ್ನೂ ವ್ಯಾಳೆ ಐತಲ್ಲ?"

"ಇಂವ ವ್ಯಾಪಾರಸ್ಥ ಅಲ್ಲ ಅಳಿಯಾ. ನಾ ತಪ್ಪು ತಿಳಕೊಂಡಿದ್ದೆ. ವ್ಯಾಪಾರಸ್ಥ ಆಗಿದ್ರ ತಡದು ತಡದು ಏರಸ್ತಿದ್ದ. ಇಂವ ನಾ ಕೈ ಎತ್ತೂದರಾಗ ಏರಸ್ತಾನ. ಇದು ಮಾರಾಕ ತಗೊಳ್ಳಾ ರೀತಿ ಅಲ್ಲ. ಮನ್ಯಾಗ ಯಾರಿಗೋ ಕೊಡಾಕ ತಗೊಳ್ಳಾಕತ್ತಾನ, ಪ್ರೀತಿಯವರಿಗಿ. ಅಂಥವರಿಗಿ ಎದುರು ನಾ ಯಾವತ್ತೂ ಬೆರಳು ಹಿಡಿದಿಲ್ಲ."

"ಮತ್ತ ನಿಮ್ಮ ಜೋಡಿ?"

ಮಾವ ಗೂಡಿನ ಕಡೆ ನೋಡಿದರು. ಫೋನನ್ನು ಬೋರಲು ಹಾಕಿದರು. "ಒಳ್ಳೇ ಮನಿಗಿ ಹೋಗಲಿ ಬಿಡು."

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ತಾಟು ಬಿದ್ದ ಸದ್ದಾಯಿತು. "ಏನಾತಬೇ?" ಎಂದು ಮಾವ ಕೇಳಿದರು. "ಏನಿಲ್ರೀ" ಎಂದ ಅತ್ತೆಯ ದನಿ ಯಾವುದೋ ಎಳೆಯ ಹುಡುಗಿಯ ದನಿಯಂತಿತ್ತು. ಅವರು ಊಟಕ್ಕೆ ಬಡಿಸಿದರು. ಸೀದ ರೊಟ್ಟಿ. ಮಾವ ಅದನ್ನು ಕಾಣಲಿಲ್ಲ, ತಲೆ ತಗ್ಗಿಸಿ ಮುರಿಯುತ್ತಿದ್ದರು. ಅತ್ತೆ ಬೋರಲು ಬಿದ್ದ ಫೋನನ್ನೂ ಅವರನ್ನೂ ನೋಡಿ, ಎದುರಿಗೆ ಕುಳಿತು, ನಾನು ಎಂದೂ ಕೇಳಿರದಷ್ಟು ಮೆತ್ತಗೆ ಕೇಳಿದರು:

"ಬೇಜಾರಾತೇನ್ರೀ?"

"ಇಲ್ಲಬೇ. ತಗೊಂಡವರ ಮನ್ಯಾಗ ಇವತ್ತ ಭಾಳ ಖುಷಿ ಆಗಿರ್ತೈತಿ."

"ಆಗಿರ್ತೈತಿ ಬಿಡ್ರಿ" ಎಂದು ಅತ್ತೆ ಅವರ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದರು.