ಡೌನ್ ಗಾಡಿ ಹತ್ತಿದ ನನ್ನ ಇಂಗ್ಲಿಷು

ಮಹಾಪೆಯ ನಮ್ಮ ಆಫೀಸಿನಲ್ಲಿ ವಾರಕ್ಕೊಮ್ಮೆ ನನ್ನ ಮಾನ ಹೋಗುವುದು ಇದ್ದದ್ದೇ. ಇಂಗ್ಲಿಷಿನ ಕ್ರಿಯಾಪದ ನನಗೆ ಗೊತ್ತು ಮಾರಾಯ್ರೆ, ಅದಕ್ಕೆ ಅಂಟಿಕೊಳ್ಳುವ ಅಪ್, ಡೌನ್, ಆಫ್ ಎಂಬ ಬಾಲವೇ ಗೊತ್ತಾಗುವುದಿಲ್ಲ. ಪಕ್ಕದ ಮೇಜಿನ ಸಾನಪಾಡಾದ ಹುಡುಗಿಗೆ ಎಲ್ಲ ಗೊತ್ತು. ನಮ್ಮ ಉಡುಪಿ ಕಡೆಯವಳೇ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅವಳ ಇಂಗ್ಲಿಷ್ ಕೇಳಿದರೆ ನನ್ನ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಅದರಲ್ಲೂ ಸೂಪರ್‌ವೈಸರ್ ಹುದ್ದೆ ಖಾಲಿಯಾಗಿತ್ತು. ಇಪ್ಪತ್ತೆರಡು ವರ್ಷ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದವನು ನಾನು, ಅದು ನನಗೇ ಬೇಕಿತ್ತು.

೧. ಕರೆ

ಮ್ಯಾನೇಜರ್ ಫೋನಿನಲ್ಲಿ, "ಮೀಟಿಂಗ್ ಕಾಲ್ ಆಫ್ ಮಾಡಿ" ಎಂದರು. ಕಾಲ್ ಅಂದರೆ ಕರೆಯುವುದು ತಾನೆ? ನಮ್ಮ ಶಹಾಡ್ ಫ್ಯಾಕ್ಟರಿಯಿಂದ ಮೀಟಿಂಗಿಗೆ ಬರಬೇಕಿದ್ದ ಎಂಟೂ ಜನರನ್ನು ಕರೆದೆ. ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ, ಬೆವರು ಒರೆಸಿಕೊಳ್ಳುತ್ತ ಬಂದರು. ಆಗ ಹುಡುಗಿ ಮೆಲ್ಲಗೆ, "ಅಂಕಲ್, ಕಾಲ್ ಆಫ್ ಮತ್‌ಲಬ್ ಕ್ಯಾನ್ಸಲ್" ಎಂದಳು. ಬಂದವರಿಗೆ ನಾನೇ ವಡಾಪಾವ್ ತಿನ್ನಿಸಿದೆ. ಅವರಲ್ಲಿ ಸ್ಟೋರ್ ಕೀಪರ್ ಒಬ್ಬರು, ಸಾಹೇಬರು ಏನೇ ಹೇಳಲಿ "ಎಸ್ ಸರ್" ಎನ್ನುವವರು. ಎರಡು ತಿಂದು ಕೇಳಿದರು, "ಮುಂದಿನ ಮೀಟಿಂಗ್ ಯಾವಾಗ ಕ್ಯಾನ್ಸಲ್?"

೨. ತಲೆ ತಗ್ಗಿಸಿ

ದೊಡ್ಡ ಸಾಹೇಬರ ಬೀಳ್ಕೊಡುಗೆ. ಹುಡುಗಿ, "ಐ ಲುಕ್ ಅಪ್ ಟು ಯು ಸರ್" ಎಂದು ಚಪ್ಪಾಳೆ ಗಿಟ್ಟಿಸಿದಳು. ಹಿರಿಯರ ಮುಖ ದಿಟ್ಟಿಸುವುದೂ ಒಂದು ಮರ್ಯಾದೆಯೇ? ನಮ್ಮ ಮನೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತೇವೆ. ನಾನೆದ್ದು ಕೈಮುಗಿದು, "ಸರ್, ಐ ಆಲ್ವೇಸ್ ಲುಕ್ ಡೌನ್ ಆನ್ ಯು" ಎಂದೆ. 'ನಿಮ್ಮನ್ನು ಕೀಳಾಗಿ ಕಾಣುತ್ತೇನೆ' ಎಂದು ಅದರ ಅರ್ಥವಂತೆ. ಸಾಹೇಬರು ಕೈ ಕುಲುಕಿ, "ಬಾಯಿಬಿಟ್ಟು ನಿಜ ಹೇಳಿದವರು ನೀವೊಬ್ಬರೇ" ಎಂದರು.

೩. ಪಾಳಿ

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಹುಡುಗಿ, "ಅಂಕಲ್, ಸೂಪರ್‌ವೈಸರ್ ಕಾ ಆಫರ್ ಆಯಾ ಥಾ, ಮೈನೇ ಟರ್ನ್ ಡೌನ್ ಕಿಯಾ" ಎಂದಳು. ಆಫರ್ ಬಂದಿತ್ತು, ತಾನು 'ಟರ್ನ್ ಡೌನ್' ಮಾಡಿದೆ ಎಂದು. ಟರ್ನ್ ಅಂದರೆ ಪಾಳಿ. ಡೌನ್ ಗಾಡಿ ಅಂದರೆ ಡೊಂಬಿವಲಿಯವರನ್ನು ಮನೆ ಮುಟ್ಟಿಸುವ ಗಾಡಿ. ಅಂದರೆ ಇವಳ ಪಾಳಿ ಬಂತು, ಹುದ್ದೆ ಕೈಗೂ ಮುಟ್ಟಿತು. ನಗುನಗುತ್ತ ಹೇಳುತ್ತಾಳೆ ಬೇರೆ. ನಾನು ಡಬ್ಬಿ ಹಾಗೇ ಮುಚ್ಚಿಟ್ಟೆ.

ಅಷ್ಟರಲ್ಲಿ ಮ್ಯಾನೇಜರ್ ಕರೆದು ಅದೇ ಹುದ್ದೆಯ ಮಾತೆತ್ತಿದರು. ನಾನು ಮುಗಿಸಲು ಬಿಡಲಿಲ್ಲ. "ಸರ್, ಶಿ ಟರ್ನ್ ಡೌನ್, ಐ ಆಲ್ಸೋ ಟರ್ನ್ ಡೌನ್. ಐ ಆಮ್ ಸೀನಿಯರ್."

ಅವರು ಹುಬ್ಬೇರಿಸಿ, "ಓಕೆ, ಆಸ್ ಯು ವಿಶ್" ಎಂದು ಫೈಲ್ ಮುಚ್ಚಿದರು. ನಾನು ಥ್ಯಾಂಕ್ಯೂ ಹೇಳಿ, ಪೇಡೆ ತಂದು ಇಡೀ ಆಫೀಸಿಗೆ ಹಂಚಿದೆ.

"ಪೇಡಾ ಕಿಸ್ ಬಾತ್ ಕಾ, ಅಂಕಲ್?" ಎಂದಳು ಹುಡುಗಿ. ಪೇಡೆ ಯಾಕೆಂದು ಹೇಳಿದೆ. ಅವಳು ಹಣೆ ಹಿಡಿದುಕೊಂಡಳು. ಟರ್ನ್ ಡೌನ್ ಅಂದರೆ ಬೇಡ ಎನ್ನುವುದಂತೆ. ನನಗೇ ಸಿಗಲಿ ಎಂದು ಅವಳು ಬೇಡ ಎಂದಿದ್ದಳಂತೆ.

ಮರುದಿನ ಮ್ಯಾನೇಜರ್ ಶಹಾಡಿನ ಸ್ಟೋರ್ ಕೀಪರರನ್ನು ಕರೆದು, ಆ ಹುದ್ದೆ ಬೇಕಾ ಎಂದು ಕೇಳಿದರು. ಅವರು, "ಎಸ್ ಸರ್" ಎಂದರು. ಸಂಜೆ ಸ್ಟೋರ್ ಕೀಪರರಿಂದಲೇ ನನಗೆ ಫೋನ್ ಬಂತು: "ಅಣ್ಣಾ, ನನ್ನ ಪೇಡೆ ನಿನ್ನೆಯೇ ನೀವು ಹಂಚಿಬಿಟ್ಟಿರಂತೆ. ಇನ್ನು ನಾನು ಬೇರೆ ಹಂಚಬೇಕಾ?"