ಜರೀಗಿಡದ ಗೋತ್ರ

ನಂಜನಗೂಡಿನಲ್ಲಿ ಗೋತ್ರ ಹೇಳದೆ ಹೆಣ್ಣು ಸಿಗುತ್ತಿರಲಿಲ್ಲ, ಅದು ಸರಿ. ಆದರೆ ನಮ್ಮ ಸೋದರಮಾವನ ಅಂಗಳದಲ್ಲಿ ಗೋತ್ರವಿಲ್ಲದ ಜರೀಗಿಡಕ್ಕೂ ಜಾಗ ಸಿಗುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಕಣ್ಣಾರೆ ಕಾಣುವವರೆಗೆ ನಾನೂ ನಂಬಿರಲಿಲ್ಲ ಬಿಡಿ!

ಮೇಷ್ಟರಾಗಿದ್ದ ಮಾವ ಭೂತಗನ್ನಡಿ ಹಿಡಿದು ಊರಿನ ಬಾವಿಗಳಿಗೆಲ್ಲ ಇಳಿಯುತ್ತಿದ್ದರು. ಕಲ್ಲುಸಂದಿಯ ಜರೀಗಿಡದ ಎಲೆ ಮಗುಚಿ, ಬೆನ್ನ ಮೇಲಿನ ಕಂದು ಬೊಟ್ಟುಗಳನ್ನು ನೋಡುವುದು. ಬೊಟ್ಟು ಅಂಚಿನಲ್ಲಿದ್ದರೆ ಒಂದು ಗೋತ್ರ, ನರದ ಪಕ್ಕ ಸಾಲಾಗಿದ್ದರೆ ಇನ್ನೊಂದು. "ಹೂವಿಲ್ಲ, ಕಾಯಿಲ್ಲ. ಇದರ ವಂಶವೆಲ್ಲ ಈ ಬೊಟ್ಟಲ್ಲೇ ಇರೋದು ಕಣೋ!" ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ವಂಶವೃಕ್ಷ ಬೇರೆ. ಅದರಲ್ಲಿ ಒಂದು ಗೆರೆ ತಪ್ಪಿದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ.

ಒಮ್ಮೆ ತಗಡೂರಿನ ರೈತನೊಬ್ಬನ ಗದ್ದೆಗೆ ಇಳಿದು, ನಾಲ್ಕೆಲೆಯ ನೀರುಸೊಪ್ಪು ಕಿತ್ತು, "ಇದೂ ಜರೀಗಿಡದ ದಾಯಾದಿ ಕಣಯ್ಯ!" ಎಂದು ಕುಣಿದರು.

"ದಾಯಾದೀನಾ? ಅಂಗಾದ್ರೆ ನಾಳೆ ಗದ್ದೇಲಿ ಪಾಲು ಕೇಳ್ತದೆ. ಎಲ್ಲಾನೂ ಕಿತ್ಕಂಡೋಗಿ ಸಾಮಿ!" ಎಂದನಾತ.

ಮಾವ ಬುಟ್ಟಿ ತುಂಬ ತಂದರು. ನಮ್ಮತ್ತೆ, ಪಾಪ, ಅದನ್ನು ಬೇಯಿಸಿ ಹುಳಿ ಮಾಡಿಬಿಟ್ಟರು! ವಿಷಯ ತಿಳಿದ ಮಾವ ಊಟ ಬಿಟ್ಟೆದ್ದು, ಅಂಗಳದ ಜರೀಗಿಡಗಳಿಗೆಲ್ಲ ಹತ್ತು ದಿನ ಸೂತಕವೆಂದು ಸಾರಿ, ಮೈಲಿಗೆಯಾಗದಂತೆ ದೂರದಿಂದಲೇ ನೀರೆರಚಿದರು. ಅತ್ತೆ ಬಾಯಿಗೆ ಸೆರಗೊತ್ತಿಕೊಂಡು ನಕ್ಕರು.

ಅವರು ನಗುವುದೇ ಅಪರೂಪವಾಗಿತ್ತು. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿಲ್ಲ. ಮಾವನಿಗೆ ಇನ್ನೊಂದು ಮದುವೆ ಮಾಡಲೇಬೇಕೆಂದು ನಮ್ಮಜ್ಜಿ ಹಟ ಹಿಡಿದಿದ್ದರು.

ನರಸೀಪುರದ ಹೆಣ್ಣು ಗೊತ್ತಾಗುವ ಹಾಗಿತ್ತು. ಗೋತ್ರ ಬೇರೆ, ಜಾತಕ ಕೂಡಿತ್ತು, ಉಪ್ಪಿಟ್ಟೂ ಆಯಿತು. ಕೈತೊಳೆಯಲು ಹಿತ್ತಿಲಿಗೆ ಹೋದ ಮಾವ ಹೆಣ್ಣಿನವರ ಬಾವಿಗೇ ಇಳಿದುಬಿಡಬೇಕೆ! ಒದ್ದೆ ಪಂಚೆಯಲ್ಲಿ ಮೇಲೆ ಬಂದವರು ಜರೀಗಿಡದ ಎಲೆಯೊಂದನ್ನು ಎತ್ತಿಹಿಡಿದು, "ಕ್ಷಮಿಸಬೇಕು. ನಿಮ್ಮ ಬಾವಿದೂ ನಮ್ಮ ಬಾವಿದೂ ಸಗೋತ್ರ. ಒಬ್ಬನೇ ಮೂಲಪುರುಷ! ಈ ಸಂಬಂಧ ಆಗೋಲ್ಲ" ಎಂದರು.

"ಮದುವೆ ಹುಡುಗೀಗೋ ಬಾವಿಗೋ ರೀ?" ಹೆಣ್ಣಿನ ತಂದೆ ಕೂಗಾಡಿದರು.

ಕಳಲೆ ಊರಿನ ಹೆಣ್ಣಿನ ಮನೆಯಲ್ಲೂ ಇದೇ ಕಥೆ. ಆಮೇಲೆ ಈ ಹುಚ್ಚನಿಗೆ ಹೆಣ್ಣು ಕೊಡುವ ಧೈರ್ಯ ಯಾರಿಗಿದ್ದೀತು? "ಹಾಳಾಗಿ ಹೋಗು!" ಎಂದು ಅಜ್ಜಿ ಕೈಬಿಟ್ಟರು.

ಕಾಲೇಜಿನಲ್ಲಿ ಎಫ್.ಎ. ಓದುತ್ತಿದ್ದ ನಾನು ರಜಕ್ಕೆ ಬಂದಿದ್ದೆ. ಬುದ್ಧಿವಂತನಲ್ಲವೇ! ಭೂತಗನ್ನಡಿ ಹಿಡಿದು ಮಾವ ತಂದಿಟ್ಟಿದ್ದ ನರಸೀಪುರದ ಎಲೆಯನ್ನೂ ನಮ್ಮ ಬಾವಿಯ ಎಲೆಯನ್ನೂ ಜೋಡಿಸಿ ನೋಡಿದೆ. ನರಸೀಪುರದ್ದಕ್ಕೆ ಬೊಟ್ಟು ಅಂಚಿನಲ್ಲಿ, ನಮ್ಮದಕ್ಕೆ ನರದ ಪಕ್ಕದಲ್ಲಿ.

"ಮಾವ, ಇವು ಸಗೋತ್ರವೇ ಅಲ್ಲ! ತಪ್ಪು ಹೇಳಿಬಿಟ್ಟಿದ್ದೀರಿ!"

ಮಾವ ನನ್ನ ಕೈಯಿಂದ ಎಲೆಗಳನ್ನು ತೆಗೆದುಕೊಂಡರು.

"ಗೊತ್ತು ಕಣೋ. ಮೆಲ್ಲಗೆ ಮಾತಾಡು, ನಿಮ್ಮಜ್ಜಿಗೆ ಕೇಳಿಸೀತು. ಇನ್ನೊಬ್ಬಳನ್ನ ಮನೆಗೆ ತಂದು ನಿಮ್ಮತ್ತೇನ ಅಳಿಸೋದು ನನ್ನ ಕೈಲಾಗಲ್ಲ."