ಫ್ಯೂಸಣ್ಣನ ಎಂಟು ದಿನದ ರಜೆ

ಅಂದು ಬೆಳಗ್ಗೆ ಸೋಪಿನ ಕಾರ್ಖಾನೆಗೆ ಬಂದ ಫ್ಯೂಸಣ್ಣ ತಾತನ ಫ್ಯಾನ್ ಹಾಕಲಿಲ್ಲ. ರಾಮಾಯಣ ಶುರುವಾದದ್ದು ಅಲ್ಲಿಂದ.

ತಾತ ಎಂದರೆ ಯಾರ ತಾತನೂ ಅಲ್ಲ, ಗೋಡೆಗೆ ಅಂಟಿಕೊಂಡಿದ್ದ ಹಳೆಯ ಕಂಟ್ರೋಲರ್. ಬೆಲ್ಟು ಯಾವಾಗ ಓಡಬೇಕು, ಸೋಪು ಎಷ್ಟುದ್ದ ಬಂದಾಗ ಬ್ಲೇಡು ಬೀಳಬೇಕು ಎಂದು ಇಪ್ಪತ್ತೆರಡು ವರ್ಷಗಳಿಂದ ಅಪ್ಪಣೆ ಕೊಡುತ್ತಿದ್ದುದು ಅದೇ. ಈಚೆಗೆ ಅದಕ್ಕೆ ಸೆಕೆ ತಡೆಯುತ್ತಿರಲಿಲ್ಲ. ಎದುರಿಗೆ ಟೇಬಲ್ ಫ್ಯಾನ್ ತಿರುಗುತ್ತಿರಬೇಕು. ಅದರೊಳಗಿನ ಮೂರನೆಯ ಸರ್ಕ್ಯೂಟ್ ಕಾರ್ಡು ಅದುರಿ ಅದುರಿ ಸಡಿಲವಾಗುತ್ತಿತ್ತು. ಅದನ್ನು ಗಂಟೆಗೊಮ್ಮೆ ಹೆಬ್ಬೆರಳಿನಿಂದ ಒತ್ತಬೇಕು. ಈ ಸೇವೆಯೆಲ್ಲ ಎಲೆಕ್ಟ್ರಿಷಿಯನ್ ಫ್ಯೂಸಣ್ಣನ ಪಾಲಿನದು. ಹಾಗಾಗಿ ಒಂದು ದಿನಕ್ಕಿಂತ ಹೆಚ್ಚಿನ ರಜೆ ಎಂಬುದನ್ನು ಆ ಬಡಪಾಯಿ ಕಂಡೇ ಇರಲಿಲ್ಲ.

ಅವನ ಹೆಂಡತಿ ಸಮುದ್ರ ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ತೋರಿಸುತ್ತೇನೆ ಎಂದಿದ್ದ. ಇಷ್ಟು ವರ್ಷ ಜಗಳವಾಡಿದವಳು ಅಂದು ಬೆಳಗ್ಗೆ ಜಗಳವಾಡದೆ ಎರಡು ಟಿಕೆಟ್ ತಂದು ಕೈಗಿಟ್ಟಳು. "ನಾಳೆ ಬೆಳಗ್ಗೆ ಬಸ್ಸು. ನೀವು ಬಂದ್ರೆ ಇಬ್ರೂ ಹೋಗೋಣ. ಇಲ್ದಿದ್ರೆ ನಿಮ್ಮ ಸೀಟಲ್ಲಿ ಬ್ಯಾಗ್ ಇಟ್ಕೊಂಡು ನಾನೊಬ್ಳೇ ಹೋಗ್ತೀನಿ." ಜಗಳವಿಲ್ಲದ ಆ ಮಾತಿಗೆ ಫ್ಯೂಸಣ್ಣ ನಿಜಕ್ಕೂ ಹೆದರಿದ.

ಹೊಸ ಕಂಟ್ರೋಲರ್ ಬಂದ ಮರುದಿನದಿಂದಲೇ ಎಂಟು ದಿನ ರಜೆ ಎಂದು ಮಾಲೀಕರು ಮಾತು ಕೊಟ್ಟಿದ್ದರು. ಆದರೆ ಹಳೆಯದು ಓಡುವಷ್ಟು ದಿನ ಹೊಸದನ್ನು ಕೊಳ್ಳುವ ಪೈಕಿಯವರಲ್ಲ ಅವರು. ಅಂದು ಹತ್ತು ಗಂಟೆಗೆ ಕಂಪನಿಯ ಸೇಲ್ಸ್‌ನವನು ಹೊಸ ಪೆಟ್ಟಿಗೆಯೊಂದಿಗೆ ಬರುವವನಿದ್ದ. ಫ್ಯೂಸಣ್ಣ ಕೈಯಾರೆ ಏನನ್ನೂ ಕೆಡಿಸುವ ಮನುಷ್ಯನಲ್ಲ. ಆದರೆ ಸೇವೆ ತಪ್ಪಿಸಿದರೆ ಸಾಕು, ಮಾಲೀಕರ ಕಣ್ಣೆದುರೇ ತಾತ ಕೈಕೊಡುತ್ತದೆ ಎಂಬ ಭರವಸೆ ಅವನಿಗಿತ್ತು.

ಹತ್ತಕ್ಕೆ ಸರಿಯಾಗಿ ಸೇಲ್ಸ್‌ನವನು ಬಂದ.

"ಮಾರ್ಕೆಟ್ ಈಗ ಪೂರ್ತಿ ಈ ಕಡೆ ತಿರುಗಿದೆ ಸಾರ್. ಹಳೇದಕ್ಕೆ ಆನ್, ಆಫ್ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ. ಇದು ಕೆಡೋಕೆ ಮುಂಚೆನೇ ಹೇಳುತ್ತೆ. ಎಲ್ಲಿ ಕೂತಿದ್ರೂ ಮೊಬೈಲ್‌ನಲ್ಲಿ ನೋಡ್ಬಹುದು."

ಮಾಲೀಕರು ಗೋಡೆಯತ್ತ ಬೆರಳು ತೋರಿಸಿದರು. "ಇದೂ ಓಡ್ತಿದೆಯಲ್ಲಪ್ಪ!"

ನಿಜಕ್ಕೂ ಓಡುತ್ತಿತ್ತು. ಸೋಪುಗಳು ಅಳತೆ ತಪ್ಪದೆ ಸಾಲಾಗಿ ಬರುತ್ತಿದ್ದವು. ಫ್ಯೂಸಣ್ಣ ಗಾಬರಿಯಿಂದ ಹತ್ತಿರ ಹೋಗಿ ನೋಡಿದರೆ ಫ್ಯಾನ್ ಭರ್ರನೆ ತಿರುಗುತ್ತಿದೆ! ಪಕ್ಕದಲ್ಲಿ ಪ್ಯಾಕಿಂಗ್ ವಿಭಾಗದ ಅಕ್ಕ ನಿಂತಿದ್ದಳು.

"ಹೆದರ್ಕೋಬೇಡಣ್ಣ," ಅಕ್ಕ ಪಿಸುಗುಟ್ಟಿದಳು. "ಆ ಹೊಸ ಪೆಟ್ಟಿಗೆ ಬಂದ್ರೆ ನಿನ್ನ ಕೆಲಸಕ್ಕೆ ಕುತ್ತು ಅಂತ ನಮಗೆ ಗೊತ್ತಿಲ್ವಾ? ನಾವೆಲ್ಲ ಇದ್ದೀವಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮಾಯ. ಮೆಲ್ಲಗೆ ಫ್ಯಾನ್ ಆರಿಸಿದ. ಎರಡೇ ನಿಮಿಷದಲ್ಲಿ ಪ್ಯಾಕಿಂಗ್ ಹುಡುಗಿಯರಿಬ್ಬರು ರಟ್ಟು ಹಿಡಿದು ಬಂದು, ಮದುಮಗನಿಗೆ ಬೀಸುವಂತೆ ಸರದಿಯಲ್ಲಿ ಗಾಳಿ ಬೀಸತೊಡಗಿದರು. ಹೋಗಲಿ, ಕಾರ್ಡಾದರೂ ಸಡಿಲವಾದೀತು ಎಂದು ಕಾದ. ಅಲ್ಲಿ ಸೋಪು ತೂಗುವ ಕೆಲಸದ ತೂಕದ ಮಾವ ಗೋಡೆಗೆ ಒರಗಿ ಆಕಳಿಸುವ ನೆಪದಲ್ಲಿ ಕಾರ್ಡಿನ ಮೇಲೆ ಹೆಬ್ಬೆರಳು ಊರಿ ನಿಂತಿದ್ದರು. ಇಪ್ಪತ್ತೆರಡು ವರ್ಷ ನೋಡಿ ನೋಡಿ ಇಡೀ ಕಾರ್ಖಾನೆ ಅವನ ವಿದ್ಯೆ ಕಲಿತುಬಿಟ್ಟಿತ್ತು. ಇಷ್ಟೊಂದು ಪ್ರೀತಿ ಇವರಿಗೆ ಬೇರೆ ಯಾವ ದಿನವಾದರೂ ಉಕ್ಕಬಾರದಿತ್ತೇ ಎಂದು ಅವನಿಗೆ ಅಳು ಬಂತು.

"ಏನಯ್ಯ, ಇವತ್ತೋ ನಾಳೆಯೋ ಅಂತಿದ್ದೆ? ಹುಡುಗನ ಥರ ಓಡ್ತಿದೆ!" ಎಂದರು ಮಾಲೀಕರು. ಸೇಲ್ಸ್‌ನವನು ಬೆವರು ಒರೆಸಿಕೊಂಡು ಪೆಟ್ಟಿಗೆ ಮುಚ್ಚತೊಡಗಿದ.

ಫ್ಯೂಸಣ್ಣ ಅಕ್ಕನನ್ನು ಹುಡುಕಿಕೊಂಡು ಓಡಿದ. "ಅಕ್ಕ, ನನ್ನ ಕೆಲಸಕ್ಕೇನೂ ಆಗಲ್ಲ! ಹೋಗ್ತಿರೋದು ನನ್ನ ರಜೆ!" ಎಂದು ಟಿಕೆಟ್ ತೋರಿಸಿದ.

ಅಕ್ಕ ಹಣೆ ಚಚ್ಚಿಕೊಂಡಳು. "ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ?"

ಅವಳು ಕೈಸನ್ನೆ ಮಾಡಿದಳು. ರಟ್ಟುಗಳು ಕೆಳಗಿಳಿದವು, ತೂಕದ ಮಾವನ ಹೆಬ್ಬೆರಳು ಸರಿಯಿತು. ಕಾಲು ಗಂಟೆಯಲ್ಲಿ ಒಂದು ಸೋಪು ಗೇಣುದ್ದ ಬಂತು, ಮುಂದಿನದು ಮೊಳದುದ್ದ. ಆಮೇಲೆ ಬ್ಲೇಡು ಬೀಳಲೇ ಇಲ್ಲ. ಕೊನೆ ಮೊದಲಿಲ್ಲದ ಒಂದೇ ಸೋಪು ನಿಧಾನವಾಗಿ ತೆವಳುತ್ತ ಬೆಲ್ಟಿನ ತುದಿ ದಾಟಿ, ಅಲ್ಲಿ ನಿಂತಿದ್ದ ಮಾಲೀಕರ ಹೊಟ್ಟೆಯನ್ನು ಮೆತ್ತಗೆ ತಿವಿಯಿತು.

ವ್ಯಾಪಾರ ಅಲ್ಲೇ ಕುದುರಿತು. ಫ್ಯೂಸಣ್ಣ ಎರಡು ತಿಂಗಳ ಹಿಂದೆಯೇ ವೈರಿಂಗ್ ನಕ್ಷೆಯನ್ನೆಲ್ಲ ಸೇಲ್ಸ್‌ನವನಿಗೆ ಕೊಟ್ಟಿದ್ದರಿಂದ ಸಂಜೆಯೊಳಗೆ ಹೊಸ ಪೆಟ್ಟಿಗೆ ಗೋಡೆಗೇರಿ ಕೆಲಸ ಶುರುಮಾಡಿತು. ಮಾಲೀಕರು ರಜೆ ಚೀಟಿಗೆ ಸಹಿ ಹಾಕಿದರು. ನೆಲದ ಮೇಲೆ ಕೂತಿದ್ದ ತಾತನ ಧೂಳು ಒರೆಸುವಾಗ ಫ್ಯೂಸಣ್ಣನಿಗೆ ಸಂಕಟವೂ ಆಯಿತು.

"ಗುಜರಿಗೆ ಹಾಕ್ಬೇಡಿ ಸಾರ್," ಎಂದ ಸೇಲ್ಸ್‌ನವನು ಹೊರಡುವ ಮುನ್ನ. "ಈ ಮಾಡೆಲ್ ತಯಾರಿಸೋದು ನಿಂತು ಹದಿನೈದು ವರ್ಷ ಆಯ್ತು. ಹಳೇ ಕಾರ್ಖಾನೆಯವರು ಇದಕ್ಕಾಗಿ ಊರೂರು ಅಲೀತಿದ್ದಾರೆ."

ಮಾಲೀಕರ ಕಿವಿ ನೆಟ್ಟಗಾಯಿತು. ತಕ್ಷಣ ಯಾರಿಗೋ ಫೋನ್ ಮಾಡಿ ಮಾತಾಡಿ, ನಗುನಗುತ್ತ ಬಂದರು.

"ನನ್ನ ಭಾವಮೈದುನನ ಮೇಣದಬತ್ತಿ ಕಾರ್ಖಾನೆಯಲ್ಲೂ ಇದೇ ಮಾಡೆಲ್ ಇತ್ತಂತೆ. ಅದು ಸತ್ತು ಮೂರು ವಾರ ಆಯ್ತು, ಕೈಕಟ್ಟಿ ಕೂತಿದ್ದಾನೆ. ನಾಳೆ ಬೆಳಗ್ಗೆನೇ ತಾತನ್ನ ಕಳಿಸು ಅಂದ."

"ಒಳ್ಳೇದಾಯ್ತು ಸಾರ್!" ಎಂದ ಫ್ಯೂಸಣ್ಣ ಮನಸಾರೆ.

"ಜೊತೆಗೆ ನಿನ್ನನ್ನೂ ಕೇಳಿದ. ಇದರ ಮರ್ಮ ಬಲ್ಲೋರು ಬೇರೆ ಯಾರಿದ್ದಾರೆ? ಇಲ್ಲಿ ಹೊಸ ಪೆಟ್ಟಿಗೆ ತನ್ನನ್ನ ತಾನೇ ನೋಡ್ಕೊಳ್ಳುತ್ತಂತೆ. ಒಪ್ಪಿಕೊಂಡುಬಿಟ್ಟೆ. ನಾಳೆಯಿಂದ ನಿನ್ನ ಕೆಲಸ ಅಲ್ಲೇ."

"ಸಾರ್... ನನ್ನ ರಜೆ?"

ಮಾಲೀಕರು ಅವನ ಜೇಬಿನಿಂದ ಚೀಟಿಯನ್ನು ಮೃದುವಾಗಿ ಎಳೆದುಕೊಂಡು ಮಡಚಿದರು.

"ಇದು ನಮ್ಮ ಕಾರ್ಖಾನೆಯವರಿಗೆ ಕಣಯ್ಯ. ಅಲ್ಲಿ ನೀನು ಹೊಸಬ. ಹೊಸಬರಿಗೆ ಮೊದಲ ಆರು ತಿಂಗಳು ರಜೆ ಇಲ್ವಂತೆ."